ಪರ ಮಾಡಿದ ಮೇಲೆ ತೆಗೆಸಿದ ಗಂಟು

ಬಸುರಿ ಮಗಳಿಗೆ ಐದು ತಿಂಗಳು ತುಂಬಿದಾಗ ಕೃಷ್ಣರಾಜಪೇಟೆಯಲ್ಲಿ ಸ್ಕ್ಯಾನಿಂಗ್ ಮಾಡಿಸಲು ನಾನೇ ಕರೆದುಕೊಂಡು ಹೋಗಿದ್ದೆ. ಸ್ಕ್ಯಾನಿಂಗ್ ಮಾಡುವ ಹೆಂಗಸು ಮೊದಲು ಇದು ಕೈ, ಇದು ಕಾಲು, ಇದು ಬೆನ್ನುಮೂಳೆ ಎಂದು ಪರದೆಯ ಮೇಲೆ ತೋರಿಸುತ್ತಿದ್ದಳು. ಆಮೇಲೆ ಹೊಟ್ಟೆಯ ಒಂದೇ ಜಾಗದಲ್ಲಿ ಒತ್ತಿ ಒತ್ತಿ ನೋಡತೊಡಗಿದಳು. ಅಷ್ಟು ಹೊತ್ತು ವಟಗುಟ್ಟುತ್ತಿದ್ದವಳು ಸುಮ್ಮನಾದಾಗಲೇ ಏನೋ ಇದೆ ಎಂದು ನನಗೆ ಗೊತ್ತಾಯಿತು. ಮಗುವಿನ ಎಡಗಡೆ ಶ್ವಾಸಕೋಶದ ಕೆಳಭಾಗದಲ್ಲಿ ಒಂದು ಗಂಟಿದೆ, ಮೈಸೂರಿನ ಮಕ್ಕಳ ಆಸ್ಪತ್ರೆಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಮೈಸೂರಿನ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ನೇರ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಶ್ವಾಸಕೋಶದ ಒಂದು ತುಂಡು ಸರಿಯಾಗಿ ಬೆಳೆದಿಲ್ಲ, ಅಲ್ಲಿ ಗುಳ್ಳೆ ಗುಳ್ಳೆಯಾಗಿ ಒಂದು ಗಂಟು ಕಟ್ಟಿದೆ, ಅದು ಉಸಿರಾಟಕ್ಕೆ ಉಪಯೋಗಕ್ಕೆ ಬರುವುದಿಲ್ಲ ಎಂದಳು. ಮಗಳು ತಾನು ತಿಂದದ್ದು, ಉಂಡದ್ದು, ಗ್ರಹಣದ ದಿನ ಹೊರಗೆ ಬಂದದ್ದು ಎಲ್ಲವನ್ನೂ ಹೇಳಿಕೊಂಡು ಅತ್ತಳು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಯಾರ ತಪ್ಪೂ ಅಲ್ಲ, ಗಂಟು ದೊಡ್ಡದಾಗಿ ಹೃದಯವನ್ನು ಒತ್ತದಿದ್ದರೆ ಹೆರಿಗೆವರೆಗೆ ಕಾಯಬಹುದು, ಆಗಾಗ ಬಂದು ತೋರಿಸುತ್ತಿರಿ ಎಂದಳು ಡಾಕ್ಟರಮ್ಮ.

ಕಾಯುವುದು ಡಾಕ್ಟರ ಕೆಲಸ. ನಾನು ಊರಿಗೆ ಬಂದವಳೇ ನಮ್ಮೂರ ಅಮ್ಮನ ಗುಡಿಗೆ ಹೋದೆ. ಕೊಟ್ಟಿಗೆಯಲ್ಲಿದ್ದ ಹೋತದ ಮರಿಯೊಂದಕ್ಕೆ ಅರಿಶಿನದ ನೀರು ಹಾಕಿ, ಗಂಟು ಕರಗಿದರೆ ಪರ ಮಾಡುತ್ತೇನೆ ಎಂದು ಹರಕೆ ಹೊತ್ತೆ. ಪರ ಎಂದರೆ ಬೇಡಿಕೊಂಡದ್ದು ನಡೆದ ಮೇಲೆ ದೇವಿಗೆ ಮರಿ ಒಪ್ಪಿಸಿ, ಅದನ್ನೇ ಅಡುಗೆ ಮಾಡಿ, ನೆಂಟರಿಷ್ಟರಿಗೆ ಊರಿಗೆ ಊಟ ಹಾಕುವುದು. ನಮ್ಮಲ್ಲಿ ಅದಕ್ಕೊಂದು ಕಟ್ಟುನಿಟ್ಟಿದೆ. ಪರ ಮಾಡಿದ ಮೇಲೆ ಆ ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಅದರ ಮಾತು ಎತ್ತಬಾರದು. ಎತ್ತಿದರೆ ಅಮ್ಮನ ಮೇಲೆ ಅನುಮಾನ ಪಟ್ಟ ಹಾಗೆ.

ಎಂಟನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಗಂಟು ಕಾಣಲಿಲ್ಲ. "ಈಗ ಕಾಣ್ತಿಲ್ಲ, ಆದರೆ" ಎಂದಳು ಡಾಕ್ಟರಮ್ಮ. ಆ ಆದರೆಯಿಂದ ಮುಂದಿನದನ್ನು ಮಗಳು ಒಬ್ಬಳೇ ಕೇಳಿಸಿಕೊಂಡಳು. ನಾನು ಆಗಲೇ ಹೊರಗೆ ಬಂದು ಅಳಿಯನಿಗೆ ಫೋನು ಮಾಡುತ್ತಿದ್ದೆ. ಅಳಿಯ ಪಾಂಡವಪುರದಲ್ಲಿ ಟ್ರಾಕ್ಟರು ರಿಪೇರಿ ಮಾಡುತ್ತಾನೆ. ಗಂಟು ಹೋಗಿದೆ ಎಂದೆ. ಅವನ ಹಿಂದೆ ಎಂಜಿನ್ನಿನ ಸದ್ದು. ಎರಡು ಸಲ ಕೂಗಿ ಹೇಳಬೇಕಾಯಿತು. ಆಸ್ಪತ್ರೆಯ ಹೊರಗೆ ಕೂತಿದ್ದವರೆಲ್ಲ ಕೇಳಿಸಿಕೊಂಡರು.

ಮುಂದಿನ ಮಂಗಳವಾರವೇ ಪರ ಮಾಡಿದೆ. ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಒಲೆ ಹೂಡಿ, ಮುದ್ದೆ, ಸಾರು, ಅನ್ನ. ನಾಗಮಂಗಲದ ಕಡೆಯಿಂದ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಹತ್ತು ಜನ ಕಟ್ಟಿಕೊಂಡು ಬಂದಿದ್ದಳು. ಆಕೆ ಉಪ್ಪು ಕಮ್ಮಿ ಎನ್ನದೆ ಊಟ ಮಾಡಿದ್ದು ನಾನು ಕಂಡಂತೆ ಅದೇ ಮೊದಲು.

"ಡಾಕ್ಟ್ರು ಏನಂದ್ರು ಬೀಗಿತ್ತಿ?" ಎಂದು ಪಂಕ್ತಿಯ ನಡುವೆಯೇ ಕೇಳಿದಳು.

"ಏನಂತಾರೆ? ಅವ್ರ ಮಿಷಿನ್ನಿಗೇ ಕಾಣ್ನಿಲ್ಲ. ಕರಗೋಗದೆ ಅಂತ ಅವ್ರೇ ಯೋಳುದ್ರು" ಎಂದೆ.

ಡಾಕ್ಟರು ಹಾಗೆ ಹೇಳಿರಲಿಲ್ಲ. ಕಾಣುತ್ತಿಲ್ಲ ಎಂದಿದ್ದರು. ಕರಗಿದೆ ಎಂದು ಸೇರಿಸಿದವಳು ನಾನು. ಮಗಳು ನನ್ನ ಮುಖ ನೋಡಿದಳು.

ಹೆರಿಗೆ ಕೃಷ್ಣರಾಜಪೇಟೆಯಲ್ಲೇ ಆಗಲಿ ಎಂದೆ. ಮಗಳು ಕೇಳಲಿಲ್ಲ. ಹುಟ್ಟಿದ ಕೂಡಲೇ ಉಸಿರಿಗೆ ತೊಂದರೆ ಆದರೆ ನೋಡುವವರು ಇರುವ ಕಡೆಯೇ ಹೆರಬೇಕು ಎಂದು ಮೈಸೂರಿಗೇ ಹೋದಳು. ಗಂಡು ಮಗು. ಹೊರಗೆ ಬರುತ್ತಲೇ ಕಿರುಚಿತು. ಮೈ ಕೆಂಪಗಿತ್ತು, ಮೊಲೆ ಎಳೆದು ಕುಡಿಯಿತು. ಎಕ್ಸ್‌ರೇಯಲ್ಲೂ ಏನೂ ಎದ್ದು ಕಾಣಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಉಸಿರು ಜೋರಾಗಿ ಹತ್ತಿದರೆ, ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಹೋದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಕೂಡಲೇ ಬರಬೇಕು. ಹೊಗೆ ಹಾಕಬಾರದು. ಏನೂ ಆಗದಿದ್ದರೂ ಮೂರು ತಿಂಗಳಿಗೆ ಸಿ.ಟಿ. ಸ್ಕ್ಯಾನಿಗೆ ಬರಲೇಬೇಕು.

"ಎಲ್ಲಾ ಕರಗೋಗದೆ ಕನವ್ವ" ಎಂದೆ.

"ಕರಗಿದ್ರೆ ಸಂತೋಷ ಅಜ್ಜಿ. ನೋಡದೆ ಹೇಳೋಕಾಗಲ್ಲ" ಎಂದಳು.

ಬಾಣಂತನ ನನ್ನ ಮನೆಯಲ್ಲಿ. ನಾನು ನೀರು ಹಾಕಿ ಬೆಳೆಸಿದ ಕೂಸುಗಳು ನಮ್ಮ ಬೀದಿಯಲ್ಲಿ ಮನೆಗೊಂದು ಸಿಗುತ್ತವೆ. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿ, ಎಣ್ಣೆ ತೀಡಿ, ಬಿಸಿನೀರು ಹುಯ್ದು, ಒರೆಸಿ, ಸಾಂಬ್ರಾಣಿ ಹೊಗೆ ಕೊಟ್ಟು ಸುತ್ತಿ ಮಲಗಿಸಿದರೆ ಮೂರು ಗಂಟೆ ಮಿಸುಕಾಡುವುದಿಲ್ಲ. ಮೊದಲ ದಿನವೇ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದೆ. ಬಾಣಂತಿ ಕೋಣೆಯಿಂದ ಎದ್ದು ಬಂದು ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದಳು.

"ನಿನ್ನನ್ನ ಇದೇ ಹೊಗೇಲಿ ಸಾಕಿದ್ದು ಕನಮ್ಮಿ."

"ನನ್ನ ಎದೇಲಿ ಗಂಟಿರ್ನಿಲ್ಲ ಕನವ್ವ."

"ಅವ್ನ ಎದೇಲೂ ಇಲ್ಲ."

"ನೀನು ಒಳಕ್ಕೋಗಿ ನೋಡ್ಕಂಡ್ ಬಂದಿದ್ದೀಯಾ?"

ಹೊಗೆ ನಿಲ್ಲಿಸಿದೆ. ಬಾಣಂತಿಯ ಜೊತೆ ಕಾದಾಡಿ ಹಾಲು ಬತ್ತಿಸುವ ಮೂರ್ಖಳಲ್ಲ ನಾನು. ಮಗು ಚೆನ್ನಾಗಿಯೇ ಬೆಳೆಯಿತು. ಕೆನ್ನೆ ತುಂಬಿತು, ಕೆಮ್ಮಲಿಲ್ಲ, ಕಕ್ಕಲಿಲ್ಲ. ದಿನಾ ನೀರು ಹಾಕುವಾಗ ಅದರ ಪಕ್ಕೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಎರಡೂ ಕಡೆ ಒಂದೇ ಸಮ ಏಳುತ್ತಿತ್ತು, ಇಳಿಯುತ್ತಿತ್ತು. ನನ್ನ ಮಾತು ದಿನದಿಂದ ದಿನಕ್ಕೆ ಗಟ್ಟಿಯಾಯಿತು.

ಮೂರು ತಿಂಗಳು ತುಂಬಲು ವಾರ ಇರುವಾಗ ಮಗಳು ಆ ಹಾಳೆ ಹಿಡಿದುಕೊಂಡು ಬಂದಳು.

"ಪರ ಆದ್ಮೇಲೆ ಪರೀಕ್ಷೆ ಏನಮ್ಮಿ? ಅಮ್ಮ ಏನನ್ಕಂತಾಳೆ? ಉಂಡ್ಕಂಡು ಹೋದೋರು ಏನಂತಾರೆ?"

"ಪರ ಮಾಡಿದ್ದು ನೀನು. ಪರೀಕ್ಷೆ ಮಾಡ್ಸೋದು ನಾನು. ನಿಂಗೆ ಇಷ್ಟ ಇಲ್ದಿದ್ರೆ ಬರಬ್ಯಾಡ."

"ಬತ್ತೀನಿ. ಬಂದು ಆ ಡಾಕ್ಟ್ರಮ್ಮಂಗೆ ನಾನೇ ಯೋಳ್ತೀನಿ. ಚೆನ್ನಾಗಿರೋ ಮೊಗೀಗೆ ಯಾಕೆ ಸೂಜಿ ಚುಚ್ಚೀರಿ ಅಂತ."

ಹೀಗೆ ಬೇಡ ಎನ್ನುವುದಕ್ಕೇ ಹೊರಟೆ. ಪಾಂಡವಪುರದಲ್ಲಿ ಅಳಿಯ ಬಸ್ಸು ಹತ್ತಿಕೊಂಡ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವವರೆಗೆ ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಗು ಒಂದೇ ಎಲ್ಲರ ಮುಖ ನೋಡಿ ನಗುತ್ತಿತ್ತು.

ನಾನು ಹೇಳಬೇಕೆಂದುಕೊಂಡಿದ್ದನ್ನು ಪೂರ್ತಿ ಹೇಳಿದೆ. ಡಾಕ್ಟರಮ್ಮ ನಡುವೆ ಬಾಯಿ ಹಾಕದೆ ಕೇಳಿದಳು. ಪರದ ವಿಷಯಕ್ಕೂ ನಗಲಿಲ್ಲ. ಆಮೇಲೆ ಕಂಪ್ಯೂಟರು ನನ್ನ ಕಡೆ ತಿರುಗಿಸಿ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಳು.

"ಇದು ಐದನೇ ತಿಂಗಳಿಂದು ಅಜ್ಜಿ. ಬೆಳ್ಳಗಿರೋದು ಗಂಟು. ಸುತ್ತ ಕಪ್ಪಗಿರೋದು ಒಳ್ಳೆ ಶ್ವಾಸಕೋಶ. ಇದು ಎಂಟನೇ ತಿಂಗಳಿಂದು. ಇದರಲ್ಲಿ ಗಂಟು ತೋರಿಸಿ."

"ಇಲ್ವಲ್ಲ."

"ಸರಿ. ಕಪ್ಪು ತೋರಿಸಿ."

ನೋಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಕಪ್ಪೂ ಇರಲಿಲ್ಲ. ಎಲ್ಲಾ ಒಂದೇ ಥರ ಬೆಳ್ಳಗಿತ್ತು.

ತಿಂಗಳು ತುಂಬುತ್ತಾ ಬಂದ ಹಾಗೆ ಒಳ್ಳೆಯ ಶ್ವಾಸಕೋಶವೂ ಸ್ಕ್ಯಾನಿಂಗ್‌ನಲ್ಲಿ ಬೆಳ್ಳಗೆ ಕಾಣತೊಡಗುತ್ತದೆ, ಆಗ ಗಂಟು ಅದರ ಬಣ್ಣದಲ್ಲಿ ಸೇರಿಹೋಗುತ್ತದೆ, ಕೆಲವು ಮಕ್ಕಳಲ್ಲಿ ನಿಜವಾಗಿಯೂ ಚಿಕ್ಕದಾಗಿರುತ್ತದೆ, ಬಹಳ ಮಕ್ಕಳಲ್ಲಿ ಬರೀ ಅವಿತುಕೊಂಡಿರುತ್ತದೆ, ಹುಟ್ಟಿದಾಗ ತೆಗೆದ ಎಕ್ಸ್‌ರೇಗೂ ಸಿಕ್ಕುವುದಿಲ್ಲ ಎಂದಳು.

ಇದನ್ನು ನನಗೆ ಎರಡು ಸಲ ಹೇಳಬೇಕಾಗಲಿಲ್ಲ. ನಲವತ್ತು ವರ್ಷ ನಾಲೆ ಬಯಲಿನ ಗದ್ದೆಯಲ್ಲಿ ಕಳೆ ಕಿತ್ತವಳು ನಾನು. ಪೈರಿನಂಥದೇ ಒಂದು ಕಳೆ ಇದೆ. ನಾಟಿ ಮಾಡಿದ ಹೊಸತರಲ್ಲಿ ಅದರ ಬಣ್ಣ ಬೇರೆ, ದೂರದಿಂದಲೇ ಗೊತ್ತಾಗುತ್ತದೆ. ಪೈರು ಹಸಿರು ತಿರುಗಿದ ಮೇಲೆ ಎರಡೂ ಒಂದೇ. ಕೈಗೆ ಸಿಕ್ಕರೂ ಪೈರೆಂದು ಬಿಟ್ಟು ಮುಂದೆ ಹೋಗುತ್ತೇವೆ. ಹೊಸ ಸೊಸೆಯರು ಗದ್ದೆ ನೋಡಿ ಕಳೆಯೇ ಇಲ್ಲ ಎಂದರೆ ನಾನೇ ಬೈದಿದ್ದೇನೆ, ಕಾಣದಿದ್ದರೆ ಇಲ್ಲವೇನೇ ಎಂದು. ಅದೇ ನಾನು, ಮೊಮ್ಮಗನ ಎದೆಯ ವಿಷಯದಲ್ಲಿ ಹೊಸ ಸೊಸೆಯ ಥರ ನಡೆದುಕೊಂಡಿದ್ದೆ. ಅದೂ ಊರಿಗೆಲ್ಲ ಊಟ ಹಾಕಿ.

"ತೆನೆ ಬಂದ್ಮೇಲೆ ಕಳೆ ಗೊತ್ತಾಯ್ತದೆ ಡಾಕ್ಟ್ರಮ್ಮ. ಇದಕ್ಕೆ ಅಂಗೆ ಏನದೆ?" ಎಂದೆ.

"ಅದಕ್ಕೇ ಸಿ.ಟಿ." ಎಂದಳು.

"ಅಂಗಾದ್ರೆ ಇವತ್ತೇ ಮಾಡಿ" ಎಂದೆ.

ಮಗಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಅಳಿಯ ಕೆಮ್ಮಿದ.

ಮಗು ಅಲುಗಾಡಿದರೆ ಚಿತ್ರ ಕೆಡುತ್ತದೆ. ದೊಡ್ಡ ಮಕ್ಕಳಾದರೆ ನಿದ್ದೆಯ ಮದ್ದು ಕೊಡುತ್ತಾರಂತೆ. ಇಷ್ಟು ಸಣ್ಣದಕ್ಕೆ ಹೊಟ್ಟೆ ತುಂಬ ಹಾಲು ಕುಡಿಸಿ, ಬಿಗಿಯಾಗಿ ಸುತ್ತಿ ಮಲಗಿಸಿದರೆ ಸಾಕು ಎಂದರು. ಅಲ್ಲಿಯ ನರ್ಸು ಸುತ್ತಿದ್ದು ನೋಡಿದೆ, ಎರಡು ಒದೆತಕ್ಕೆ ಬಿಚ್ಚಿಹೋಯಿತು. ಈ ಕಡೆ ಕೊಡವ್ವ ಎಂದು ಇಸಿದುಕೊಂಡು, ಮದ್ದಿನ ಸೂಜಿ ಹಾಕಿದ್ದ ಕೈಯೊಂದನ್ನು ಹೊರಗೆ ಬಿಟ್ಟು, ಮಿಕ್ಕದ್ದನ್ನು ನಮ್ಮೂರ ಕಡೆ ಸುತ್ತುವ ಹಾಗೆ ಸುತ್ತಿದೆ. ಚಿತ್ರ ತೆಗೆದು ಮುಗಿಯುವವರೆಗೆ ಮಗು ಕಣ್ಣು ಬಿಡಲಿಲ್ಲ.

ಗಂಟು ಇತ್ತು. ಸಣ್ಣ ನಿಂಬೆಹಣ್ಣಿನಷ್ಟು. ಎಡಗಡೆ ಶ್ವಾಸಕೋಶಕ್ಕೆ ಎರಡು ಎಸಳು, ಕೆಳಗಿನ ಎಸಳಿನಲ್ಲಿ ಕೂತಿತ್ತು. ಆ ಸೂಜಿಯಲ್ಲಿ ಕೊಟ್ಟ ಮದ್ದು ರಕ್ತದ ಜೊತೆ ಹರಿದು, ಗಂಟಿಗೆ ರಕ್ತ ಎಲ್ಲಿಂದ ಬರುತ್ತಿದೆ ಎನ್ನುವುದನ್ನೂ ತೋರಿಸಿತ್ತು. ಕೆಲವು ಗಂಟುಗಳು ದೊಡ್ಡ ರಕ್ತನಾಳದಿಂದಲೇ ಬೇರೆ ಕವಲು ಎಳೆದುಕೊಂಡಿರುತ್ತವೆ, ಅದನ್ನು ಮೊದಲೇ ತಿಳಿಯದೆ ಕತ್ತರಿ ಇಟ್ಟರೆ ಅಪಾಯ ಎಂದರು. ದೊಡ್ಡ ನಾಲೆಗೆ ಕಳ್ಳ ತೂಬು ಇಟ್ಟ ಹಾಗೆ ಎಂದುಕೊಂಡೆ. ಇವನದ್ದರಲ್ಲಿ ಹಾಗಿರಲಿಲ್ಲ.

ಆಪರೇಷನ್ ಮಾಡುವ ಡಾಕ್ಟರು ವಯಸ್ಸಾದವರು. ಅವರು ಹೆದರಿಸಲೂ ಇಲ್ಲ, ಬೆಣ್ಣೆ ಹಚ್ಚಲೂ ಇಲ್ಲ. ಅವಸರವಿಲ್ಲ, ಮಗು ಚೆನ್ನಾಗಿದೆ, ಏನೂ ತೊಂದರೆ ಕೊಡದ ಗಂಟನ್ನು ತೆಗೆಯದೆ ಆಗಾಗ ನೋಡಿಕೊಂಡು ಇರುವವರೂ ಇದ್ದಾರೆ ಎಂದರು. ಆದರೆ ಅಂಥ ಗಂಟಿನಲ್ಲಿ ಕಫ ಕಟ್ಟಿಕೊಂಡು ಕೀವಾದರೆ ಜ್ವರದ ಮೇಲೆ ಜ್ವರ ಬರುತ್ತದೆ, ಆಮೇಲೆ ತೆಗೆಯುವುದು ಕಷ್ಟ. ತೀರಾ ಅಪರೂಪಕ್ಕೆ ಮುಂದೆ ಕೆಟ್ಟ ಗಡ್ಡೆಯಾಗುವುದೂ ಉಂಟು. ಚಿಕ್ಕ ವಯಸ್ಸಿನಲ್ಲಿ ತೆಗೆದರೆ ಉಳಿದ ಶ್ವಾಸಕೋಶ ಮಗುವಿನ ಜೊತೆಗೇ ಬೆಳೆದು ಜಾಗ ತುಂಬಿಕೊಳ್ಳುತ್ತದೆ. ಆರೇಳು ತಿಂಗಳಾದಾಗ ತೆಗೆಸಿ ಎನ್ನುವುದು ತಮ್ಮ ಮಾತು, ಯೋಚಿಸಿ ಬನ್ನಿ ಎಂದರು.

"ಇಂಥದ್ನ ಎಷ್ಟು ತೆಗ್ದಿದ್ದೀರಿ ಸಾಮಿ? ಯಾವ್ದಾದ್ರೂ ಮೊಗ ತೀರೋಗದಾ?" ಎಂದು ಕೇಳಿದೆ. ಮಗಳು ನನ್ನ ಸೆರಗು ಎಳೆದಳು.

"ಬೇಕಾದಷ್ಟು ತೆಗೆದಿದ್ದೀನಿ. ಇಷ್ಟು ಗಟ್ಟಿಯಾಗಿರೋ ಮಗು ಹೋಗಿಲ್ಲ. ಹೋಗೋದೇ ಇಲ್ಲ ಅಂತ ಬರೆದುಕೊಡು ಅಂದ್ರೆ ಕೊಡಲ್ಲ" ಎಂದರು.

ಬರೆದುಕೊಡುತ್ತೇನೆ ಎಂದಿದ್ದರೆ ನಾನು ಮಗುವನ್ನು ಎತ್ತಿಕೊಂಡು ವಾಪಸು ಬರುತ್ತಿದ್ದೆ.

ಮಗಳು ಅಲ್ಲೇ ಒಪ್ಪಿದಳು. ಅಳಿಯ ಮಾತ್ರ ಬಸ್ಸಿನಲ್ಲಿ ಕಿಟಕಿ ನೋಡುತ್ತಾ ಕೂತಿದ್ದ. ಪಾಂಡವಪುರ ಬಂದಾಗ ಇಳಿಯುವ ಮೊದಲು ಹೇಳಿದ. "ಅತ್ತೆ, ನಮ್ಮವ್ವ ಒಪ್ಪದೆ ನಾನು ಸಹಿ ಹಾಕಾಕಿಲ್ಲ. ಅವ್ಳಿಗೆ ನೀವೇ ಯೋಳ್ಬೇಕು. ಪರ ಮಾಡಿದೋರು ನೀವು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಬಾಯಿಂದ ಹೊರಟ ಮಾತು ಆ ಮಗುವಿನ ದಾರಿಗೆ ಅಡ್ಡ ಕೂತಿತ್ತು, ಎತ್ತಬೇಕಾದವಳೂ ನಾನೇ. ಎರಡು ದಿನ ಬಿಟ್ಟು ನಾಗಮಂಗಲದ ಬಸ್ಸು ಹತ್ತಿದೆ.

ಬೀಗಿತ್ತಿ ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ನೀರು ಕೊಟ್ಟಳು, ಎದುರಿಗೆ ಮಣೆ ಹಾಕಿದಳು, ನನ್ನ ಮುಂದೂ ಒಂದು ಬೊಗಸೆ ಕಾಳು ಸುರಿದಳು. ಹಿಸುಕುತ್ತಾ ಹಿಸುಕುತ್ತಾ ಎಲ್ಲವನ್ನೂ ಹೇಳಿದೆ.

"ಅಲ್ಲ ಬೀಗಿತ್ತಿ, ಚೆನ್ನಾಗಿ ಆಡ್ಕಂಡಿರೋ ಕೂಸ್ನ ಕುಯ್ಸೀರಾ?"

"ಚೆನ್ನಾಗಿರುವಾಗ್ಲೇ ಕುಯ್ಸಬೇಕಂತೆ. ಕಾಯ್ಲೆ ಬಿದ್ಮೇಲೆ ಕುಯ್ಯೋದು ಕಷ್ಟ."

"ಅಂಗಾರೆ ಅವತ್ತು ತಿಂದಿದ್ದು ಯಾತರ ಪರ? ನಿಮ್ಮೂರಮ್ಮ ಮರೀನೂ ತಕ್ಕಂಡು, ಗಂಟ್ನೂ ಅಲ್ಲೇ ಬುಟ್ಬುಟ್ಳಾ?"

"ಅಮ್ಮನ ಸುದ್ದಿಗೆ ಓಗಬ್ಯಾಡಿ. ಅವ್ಳು ಗಂಟು ಕರಗ್ಸಿದೀನಿ ಅಂತ ನಂಗೇನು ಬಂದು ಯೋಳ್ನಿಲ್ಲ. ಡಾಕ್ಟ್ರೂ ಯೋಳ್ನಿಲ್ಲ. ಕಾಣಾಕಿಲ್ಲ ಅಂದಿದ್ದನ್ನ ಕರಗೋಯ್ತು ಅಂತ ಊರಿಗೆಲ್ಲ ಸಾರಿದೋಳು ನಾನು. ತೆಪ್ಪು ನಂದು."

ನನ್ನ ಬಾಯಿಂದ ಅಂಥ ಮಾತು ಕೇಳಿ ಬೀಗಿತ್ತಿಗೆ ಅಭ್ಯಾಸವಿರಲಿಲ್ಲ. ನನಗೂ ಹೇಳಿ ಅಭ್ಯಾಸವಿರಲಿಲ್ಲ.

"ಒಂದು ಕೆಲ್ಸ ಮಾಡಾಣ. ನಮ್ ದೇವ್ರತ್ರ ಹೂ ಕೇಳಾಣ. ಬಲಕ್ಕೆ ಬಿದ್ರೆ ಕುಯ್ಸಿ. ಎಡಕ್ಕೆ ಬಿದ್ರೆ ಬ್ಯಾಡ" ಎಂದಳು.

ದೇವರ ಮೈಮೇಲೆ ಹೂವಿಟ್ಟು, ಮನಸ್ಸಿನಲ್ಲಿ ಕೇಳಿಕೊಂಡು, ಯಾವ ಕಡೆಯ ಹೂವು ಮೊದಲು ಬೀಳುತ್ತದೋ ಎಂದು ಕಾಯುವುದು. ನನ್ನ ಮದುವೆಯೂ ಹಾಗೇ ಆದದ್ದು. ನಾನು ಹೂವಿನ ವಿರೋಧಿಯಲ್ಲ.

"ಎಡಕ್ಕೆ ಬಿತ್ತು ಅಂತಿಟ್ಕಳಿ. ನಾನು ಕುಯ್ಸದೆ ಇರ್ತೀನಾ? ಇರಾಕಿಲ್ಲ. ನಾನು ಕಂಪೂಟ್ರಲ್ಲಿ ಕಣ್ಣಾರೆ ನೋಡಿದೀನಿ. ಎಂಗೂ ಕುಯ್ಸೋಳು, ದೇವ್ರನ್ನ ಕೇಳಿ ಅವ್ನ ಮಾತು ಮೀರೋದ್ಯಾಕೆ? ಕೇಳ್ದೇ ಇರೋದೇ ಮರ್ವಾದೆ" ಎಂದೆ.

ಬೀಗಿತ್ತಿ ನನ್ನನ್ನು ನೋಡಿದಳು. "ನಿಮ್ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ನಿಲ್ಲ" ಎಂದಳು. ಹಿಸುಕಿದ ಕಾಳನ್ನು ಒಟ್ಟುಮಾಡುತ್ತಾ, "ನಿಮ್ಮೂರೋರು ಆಡ್ಕಂತಾರೆ" ಎಂದಳು.

"ಆಡ್ಕಳ್ಳಿ. ಉಂಡವ್ರೆ, ಹೊಟ್ಟೆ ತುಂಬ ಆಡ್ಕಳ್ಳಿ."

ಆಕೆ ನಕ್ಕಳು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೊರಡುವಾಗ ಹಿಸುಕಿದ ಅವರೆಕಾಳಿನಲ್ಲಿ ಅರ್ಧ ಕಟ್ಟಿಕೊಟ್ಟು, "ಯಾವತ್ತು ಅಂತ ಫೋನ್ ಮಾಡ್ಸಿ, ಬತ್ತೀನಿ" ಎಂದಳು. ಅಳಿಯನಿಗೆ ಅಷ್ಟು ಸಾಕಾಯಿತು.

ಊರಿನಲ್ಲಿ ಆಡಿಕೊಂಡರು, ಸುಳ್ಳಲ್ಲ. ನೀರಿನ ಟ್ಯಾಂಕಿನ ಹತ್ತಿರ ಒಬ್ಬಳು, "ಏನಕ್ಕ, ಪರ ವಾಪಸ್ ಬಂತಂತೆ" ಎಂದಳು. ಬಂದರೆ ನೀನು ತಿಂದದ್ದನ್ನು ಕಕ್ಕಬೇಕಾಗುತ್ತದೆ, ಸುಮ್ಮನಿರು ಎಂದೆ. ಆಮೇಲೆ ಯಾರೂ ಎದುರಿಗೆ ಕೇಳಲಿಲ್ಲ. ಪೂಜಾರಪ್ಪನ ಹತ್ತಿರ ನಾನೇ ಹೋಗಿ ಕೇಳಿದೆ, ಹರಕೆ ತೀರಿಸಿದ ಮೇಲೂ ಆಪರೇಷನ್ ಮಾಡಿಸಿದರೆ ದೋಷವೇನಪ್ಪ ಎಂದು. ಅವನು ತನ್ನ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ತಿಂಗಳಾಗಿರಲಿಲ್ಲ, ಕಪ್ಪು ಕನ್ನಡಕ ಹಾಕಿಕೊಂಡೇ ಮಂಗಳಾರತಿ ಎತ್ತುತ್ತಿದ್ದ. ಹೋಗಿ ಬನ್ನಿ ಎಂದು ಕುಂಕುಮ ಕೊಟ್ಟ.

ಮಗುವಿನ ಏಳನೇ ತಿಂಗಳಲ್ಲಿ ಆಪರೇಷನ್ ಆಯಿತು. ಬೆಳಿಗ್ಗೆ ಹಾಲು ಕೊಡದೆ ಒಳಗೆ ಕಳಿಸಬೇಕು. ಹಸಿದು ಅಳುವ ಮಗುವನ್ನು ಮಗಳು ಎದೆಯಿಂದ ದೂರ ಹಿಡಿದುಕೊಂಡು ಓಡಾಡಿದಳು. ಹಾಲಿನ ವಾಸನೆ ಹತ್ತಿರವಾದರೆ ಇನ್ನೂ ಅಳುತ್ತದೆಂದು ನಾನು ಇಸಿದುಕೊಂಡೆ. ಬಾಗಿಲಲ್ಲಿ ಹಸಿರು ಬಟ್ಟೆಯವರು ಕೈ ಚಾಚಿದಾಗ ಕೊಟ್ಟವಳೂ ನಾನೇ. ಕೊಟ್ಟ ಮೇಲೂ ಸುತ್ತಿದ ಬಟ್ಟೆಯ ತುದಿಯನ್ನು ಹಿಡಿದೇ ಇದ್ದೆ, ಅವರೇ ಬಿಡಿಸಿಕೊಂಡರು. ಡಾಕ್ಟರು ಹೇಳಿದ್ದು, ಕಂಪ್ಯೂಟರಿನಲ್ಲಿ ನೋಡಿದ್ದು, ಬೀಗಿತ್ತಿಗೆ ವಾದ ಹೇಳಿ ಗೆದ್ದದ್ದು, ಯಾವುದೂ ಆ ಹೊತ್ತಿಗೆ ಸಹಾಯಕ್ಕೆ ಬರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು, ಕೆಳಗಿನ ಎಸಳು ತೆಗೆದಿದ್ದೇವೆ, ರಕ್ತ ಹೆಚ್ಚು ಹೋಗಲಿಲ್ಲ, ಮೇಲಿನದು ಚೆನ್ನಾಗಿದೆ ಎಂದರು. ತೆಗೆದದ್ದನ್ನು ತೋರಿಸಿ ಎಂದೆ. ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ಅದರಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಹತ್ತು ದಿನದ ಮೇಲೆ ವರದಿ ಬಂತು.

ಮಗುವಿನ ಕಂಕುಳ ಕೆಳಗೆ ನನ್ನ ಬೆರಳುದ್ದದ ಗಾಯ. ಪಕ್ಕೆಯಿಂದ ಒಂದು ಕೊಳವೆ ಹೊರಗೆ ಬಂದು, ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಕತ್ತರಿಸಿದ ಕಡೆಯಿಂದ ಗಾಳಿ ಸೋರುತ್ತಿದ್ದರೆ ಬಾಟಲಿಯಲ್ಲಿ ಗುಳ್ಳೆ ಬರುತ್ತದೆ, ಅಳುವಾಗಲೂ ಕೆಮ್ಮುವಾಗಲೂ ಗುಳ್ಳೆ ಬರದಿದ್ದರೆ ಕೊಳವೆ ತೆಗೆಯುತ್ತೇವೆ ಎಂದು ನರ್ಸು ಹೇಳಿದ್ದಳು. ನೋವಿಗೆ ಮದ್ದು ಕೊಟ್ಟಿದ್ದೇವೆ, ಸ್ವಲ್ಪ ಹೊತ್ತು ಅತ್ತರೆ ಕೆಟ್ಟದ್ದಲ್ಲ, ಶ್ವಾಸಕೋಶ ಚೆನ್ನಾಗಿ ಅರಳುತ್ತದೆ ಎಂದೂ ಹೇಳಿದ್ದಳು. ಮೊದಲ ದಿನ ಅತ್ತಾಗಲೆಲ್ಲ ಬಾಟಲಿ ಬುಳಬುಳ ಎನ್ನುತ್ತಿತ್ತು. ಎರಡನೇ ದಿನ ಅಲ್ಲೊಂದು ಇಲ್ಲೊಂದು.

ಮೂರನೇ ದಿನ ಬೆಳಿಗ್ಗೆ ಮಗಳು ಮುಖ ತೊಳೆಯಲು ಹೋಗಿದ್ದಳು. ಮಗು ಹಸಿವಿಗೆ ಎದ್ದು ಜೋರಾಗಿ ಅಳತೊಡಗಿತು. ನಾನು ಎತ್ತಲಿಲ್ಲ. ನೆಲದ ಮೇಲೆ ಕೂತು ಬಾಟಲಿ ನೋಡುತ್ತಿದ್ದೆ. ಅದೇ ಹೊತ್ತಿಗೆ ಬೀಗಿತ್ತಿ ಊಟದ ಚೀಲ ಹಿಡಿದು ಒಳಗೆ ಬಂದಳು.

"ಏನ್ ಬೀಗಿತ್ತಿ ನೀವು? ಕೂಸು ಅರಚ್ಕತಾ ಅದೆ, ನೆಲ ನೋಡ್ಕಂಡು ಕುಂತಿದ್ದೀರಲ್ಲ."

"ಎತ್ತಬ್ಯಾಡಿ. ಕುಂತ್ಕಳಿ ಇಲ್ಲಿ. ಈ ಬಾಟ್ಲಿ ನೋಡಿ, ಗುಳ್ಳೆ ಬತ್ತದಾ?"

ಆಕೆ ಚೀಲ ಕೆಳಗಿಟ್ಟು, ಸೀರೆ ಎತ್ತಿಕಟ್ಟಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮಗು ಮೈಯೆಲ್ಲ ಕೆಂಪಾಗಿ ಕಿರುಚುತ್ತಿತ್ತು. ಕೊಳವೆಯೊಳಗಿನ ನೀರು ಮೇಲಕ್ಕೂ ಕೆಳಕ್ಕೂ ಸ್ವಲ್ಪ ಆಡುತ್ತಿತ್ತು, ಅಷ್ಟೆ.

"ಇಲ್ಲ" ಎಂದಳು ಬೀಗಿತ್ತಿ.

"ಸರಿಯಾಗಿ ನೋಡಿ. ನನ್ ಕಣ್ಣು ಒಂದೇ ನಂಬ್ಕಂಡು ಒಂದ್ಸಲ ಕೆಟ್ಟಿದೀನಿ."

ಆಕೆ ಬಾಟಲಿಗೆ ಮೂಗು ತಗಲುವಷ್ಟು ಬಗ್ಗಿದಳು. ಮಗು ಇನ್ನೊಂದು ಉಸಿರು ಎಳೆದುಕೊಂಡು ಪಕ್ಕದ ಮಂಚದವರು ತಿರುಗಿ ನೋಡುವ ಹಾಗೆ ಕೂಗಿತು.

"ಇಲ್ಲ ಕನ್ರೀ. ಒಂದೂ ಇಲ್ಲ."

ನಾನು ಎದ್ದು ನರ್ಸನ್ನು ಕರೆಯಲು ಹೋದೆ. ಬೀಗಿತ್ತಿ ಕೊಳವೆ ಎಳೆಯದ ಹಾಗೆ ಹುಷಾರಾಗಿ ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡಳು.